ಹಿರಿಯರ ಹೆಸರು ಹುಡುಕುವ ಕೆಲಸ: ಅಂತರ್ಜಾಲದಲ್ಲಿ ಸಿಗುವ ನೆರವನ್ನು ಬಳಸಿಕೊಳ್ಳುವುದು ಹೇಗೆ?



ನಮ್ಮ ಮನೆಗಳಲ್ಲಿ ಯಾರನ್ನಾದರೂ ಕೇಳಿ ನೋಡಿ. ತಂದೆ, ಅಜ್ಜ, ಮುತ್ತಜ್ಜ ಇಷ್ಟರವರೆಗೆ ಹೆಸರು ಬರುತ್ತದೆ. ತಾಯಿಯ ಕಡೆ ಅಜ್ಜಿಯ ಹೆಸರಿಗೇ ನಿಲ್ಲುತ್ತದೆ. ಅಜ್ಜಿಯ ತಾಯಿ ಯಾರು, ಯಾವ ಊರಿನವರು ಎಂದು ಕೇಳಿದರೆ, "ದೊಡ್ಡಮ್ಮನಿಗೆ ಗೊತ್ತಿತ್ತು, ಈಗ ಅವರಿಲ್ಲ" ಎಂಬ ಉತ್ತರ. ಹೀಗೆ ಪ್ರತಿ ವರ್ಷ ಒಂದೊಂದು ಮನೆಯ ನೆನಪು ಕಡಿಮೆಯಾಗುತ್ತಿದೆ.

ಇತ್ತೀಚೆಗೆ ನಮ್ಮ ಯುವಕ ಯುವತಿಯರು ವಂಶಾವಳಿಯ ಬಗ್ಗೆ ಆಸಕ್ತಿ ತೋರಿಸುತ್ತಿದ್ದಾರೆ. ಬೆಂಗಳೂರು, ಪುಣೆ, ದುಬೈ, ಅಮೆರಿಕದಲ್ಲಿರುವವರು ಅಂತರ್ಜಾಲದ ಗುಂಪುಗಳಲ್ಲಿ ಪ್ರಶ್ನೆ ಹಾಕುತ್ತಾರೆ. ಕೆಲವರಿಗೆ ಒಳ್ಳೆಯ ಉತ್ತರ ಸಿಗುತ್ತದೆ, ಹಲವರಿಗೆ ಏನೂ ಸಿಗುವುದಿಲ್ಲ. ನಾನು ವೃತ್ತಿಯಲ್ಲಿ ವ್ಯಾಪಾರಿ. ಬಿಡುವಿನ ವೇಳೆಯಲ್ಲಿ ಇಂಥ ಪ್ರಶ್ನೆಗಳಿಗೆ ಸ್ವಯಂಸೇವಕನಾಗಿ ಕೈಲಾದ ಸಹಾಯ ಮಾಡುತ್ತೇನೆ. ಯಾರಿಗೆ ಉತ್ತರ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದನ್ನು ನೋಡಿ ತಿಳಿದ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಮನೆಯಲ್ಲಿ ಇರುವುದನ್ನು ಮೊದಲು ಜೋಡಿಸಿಕೊಂಡು, ತನ್ನಲ್ಲಿರುವ ಮಾಹಿತಿಯನ್ನು ಮೊದಲು ಕೊಟ್ಟು, ಆಮೇಲೆ ಕೇಳುವವರಿಗೆ ಉತ್ತರ ಸಿಗುತ್ತದೆ.

ಹೊರದೇಶದ ಸಲಹೆ ನಮಗೆ ಏಕೆ ಹೊಂದುವುದಿಲ್ಲ?

ವಂಶಾವಳಿ ಹುಡುಕುವ ದೊಡ್ಡ ಜಾಲತಾಣಗಳೆಲ್ಲ ಪಾಶ್ಚಾತ್ಯ ದೇಶಗಳವು. ಅಲ್ಲಿ ಕೇಳಿದರೆ "ಜನಗಣತಿ ಪುಸ್ತಕ ನೋಡಿ, ಚರ್ಚಿನ ದಾಖಲೆ ನೋಡಿ, ಸಮಾಧಿಯ ಕಲ್ಲು ನೋಡಿ" ಎನ್ನುತ್ತಾರೆ. ಅವರಿಗೆ ಅದು ಸರಿ. ನಮ್ಮಲ್ಲಿ ಜನಗಣತಿಯಲ್ಲಿ ಮನೆಮನೆಯಿಂದ ಬರೆದುಕೊಂಡ ವಿವರವನ್ನು ಸಾರ್ವಜನಿಕರಿಗೆ ತೋರಿಸುವುದಿಲ್ಲ. 1948ರ ಜನಗಣತಿ ಕಾಯ್ದೆಯಲ್ಲೇ ಹಾಗಿದೆ. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದದ್ದು 1969ರಲ್ಲಿ. ನಾವು ದಹನ ಸಂಸ್ಕಾರ ಮಾಡುವವರು, ಆದ್ದರಿಂದ ಸಾಮಾನ್ಯ ಮನೆಗಳವರಿಗೆ ಸಮಾಧಿಯ ಕಲ್ಲು ಇರುವುದಿಲ್ಲ.

ನಮ್ಮ ಹಿರಿಯರ ಹೆಸರು ಉಳಿದಿರುವುದು ಬೇರೆ ಜಾಗಗಳಲ್ಲಿ. ಆಸ್ತಿ ಕಾಗದ, ಕೋರ್ಟಿನ ತೀರ್ಪು, ಶಾಲೆಯ ದಾಖಲಾತಿ ಪುಸ್ತಕ, ಅಂಗಡಿಯ ಕಿರ್ದಿ ಖಾತೆ, ಬಸದಿಗೆ ಕೊಟ್ಟ ಬಿಂಬ ಮತ್ತು ಪಾತ್ರೆ, ತಾಳೆಗರಿಯ ಕೊನೆಯ ಗರಿ, ಮದುವೆಯ ಲಗ್ನಪತ್ರಿಕೆ. ಇವನ್ನು ಓದಬಲ್ಲವರ ನೆರವು ನಮಗೆ ಬೇಕು.

ಯಾವ ಸೀಮೆಯ ಕಾಗದ ಯಾವ ಲಿಪಿಯಲ್ಲಿ?

1956ರ ನವೆಂಬರ್ 1ಕ್ಕೆ ಮೊದಲು ಇಂದಿನ ಕರ್ನಾಟಕ ಒಂದೇ ಆಡಳಿತದಲ್ಲಿ ಇರಲಿಲ್ಲ. ನಿಮ್ಮ ಹಿರಿಯರು ಯಾವ ಸೀಮೆಯಲ್ಲಿದ್ದರು ಎಂಬುದರ ಮೇಲೆ ಕಾಗದದ ಭಾಷೆ, ಲಿಪಿ, ಅದು ಇರುವ ಕಚೇರಿ ಎಲ್ಲವೂ ಬದಲಾಗುತ್ತದೆ.

- ಬೆಳಗಾವಿ, ಧಾರವಾಡ, ವಿಜಯಪುರ ಕಡೆಯವು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಉತ್ತರ ಕನ್ನಡವನ್ನೂ 1862ರಲ್ಲಿ ಮುಂಬಯಿಗೆ ಸೇರಿಸಿದರು. ಬೆಳಗಾವಿ ಕಡೆಯ ಹಳೆಯ ವಾಟ್ನಿ ಪತ್ರ, ಸಾಲದ ಕಾಗದಗಳು ಎಷ್ಟೋ ಮನೆಗಳಲ್ಲಿ ಮರಾಠಿ ಭಾಷೆಯಲ್ಲಿ, ಮೋಡಿ ಲಿಪಿಯಲ್ಲಿ ಇವೆ.
- ದಕ್ಷಿಣ ಕನ್ನಡ, ಉಡುಪಿ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಮೂಲಗೇಣಿ ಮತ್ತು ಚಾಲಗೇಣಿ ಚೀಟಿಗಳು ಕನ್ನಡದಲ್ಲಿ, ಮೇಲಿನ ಕೋರ್ಟಿನ ತೀರ್ಪುಗಳು ಇಂಗ್ಲಿಷಿನಲ್ಲಿ.
- ಬೀದರ್, ಕಲಬುರಗಿ, ರಾಯಚೂರು ನಿಜಾಮರ ಆಡಳಿತ. ಸರಕಾರಿ ಕಾಗದ ಉರ್ದುವಿನಲ್ಲಿ, ಅದಕ್ಕೂ ಹಿಂದಿನದು ಪಾರಸಿಯಲ್ಲಿ.
- ಹಳೆಯ ಮೈಸೂರು ಸೀಮೆಯಲ್ಲಿ ಕನ್ನಡ. ಆದರೂ ಹಳೆಯ ಶಾನುಭೋಗರ ಕೂಡು ಅಕ್ಷರ ಇಂದಿನವರಿಗೆ ಸುಲಭವಾಗಿ ಓದಲು ಬರುವುದಿಲ್ಲ.
- ರಾಜಸ್ಥಾನ, ಗುಜರಾತಿನಿಂದ ವ್ಯಾಪಾರಕ್ಕೆ ಬಂದು ನೆಲೆಸಿದ ಶ್ವೇತಾಂಬರ ಬಂಧುಗಳಿಗೆ ಮೂಲ ಊರಿನಲ್ಲಿ ವಂಶಾವಳಿ ಬರೆಯುವವರ ವಹಿಗಳು ಇರುವ ಸಾಧ್ಯತೆ ಇದೆ.

ಕೊಲ್ಲಾಪುರ, ಸಾಂಗ್ಲಿ ಇಂದು ಮಹಾರಾಷ್ಟ್ರದಲ್ಲಿವೆ. ಕಾಸರಗೋಡು, ವಯನಾಡು ಕೇರಳದಲ್ಲಿವೆ. ಅಲ್ಲಿನ ಜೈನ ಮನೆಗಳಿಗೂ ನಮಗೂ ಕೊಡು ಕೊಳ್ಳುವ ಸಂಬಂಧ ಹಳೆಯದು. ಆದ್ದರಿಂದ ಹುಡುಕಾಟವನ್ನು ರಾಜ್ಯದ ಗಡಿಯಲ್ಲಿ ನಿಲ್ಲಿಸಬಾರದು.

ಒಬ್ಬ ಮನುಷ್ಯ ಮೋಡಿ, ಉರ್ದು, ಹಳಗನ್ನಡ ಎಲ್ಲವನ್ನೂ ಓದಲಾರ. ಅಂತರ್ಜಾಲದ ನಿಜವಾದ ಉಪಯೋಗ ಇಲ್ಲಿದೆ. ಪುಣೆಯಲ್ಲಿ ಕುಳಿತ ಮೋಡಿ ಬಲ್ಲವರೊಬ್ಬರು ಬೆಳಗಾವಿಯ ಪೆಟ್ಟಿಗೆಯಲ್ಲಿದ್ದ ಕಾಗದವನ್ನು ಅರ್ಧ ಗಂಟೆಯಲ್ಲಿ ಓದಿ ಹೇಳಬಲ್ಲರು. ಹಾಗೆ ಓದಿಸಿದ ಒಂದು ಕಾಗದದಲ್ಲಿ, ಮನೆಯವರು ತಂದೆ ಎಂದುಕೊಂಡಿದ್ದವರು ದತ್ತಕ ತೆಗೆದುಕೊಂಡವರು ಎಂದು ತಿಳಿಯಿತು. ಹೆತ್ತ ತಂದೆಯ ಊರೂ ಅದರಲ್ಲೇ ಇತ್ತು. ಆ ಊರಿನಲ್ಲಿ ಇಂದಿಗೂ ಇರುವ ದಾಯಾದಿಗಳ ಪರಿಚಯವಾಗಿ, ಎರಡೂ ಮನೆಯವರು ಈಗ ಶುಭಕಾರ್ಯಗಳಿಗೆ ಹೋಗಿ ಬರುತ್ತಾರೆ.

ಮೊದಲು ಮನೆಯಲ್ಲಿ ಹುಡುಕಿ

ಕಂಪ್ಯೂಟರ್ ತೆರೆಯುವ ಮೊದಲು ಮನೆಯ ಹಿರಿಯರ ಹತ್ತಿರ ಕುಳಿತುಕೊಳ್ಳಿ, ಅದರಲ್ಲೂ ಹಿರಿಯ ಹೆಂಗಸರ ಹತ್ತಿರ. ಯಾರ ಮದುವೆ ಯಾವ ಮನೆಗೆ ಆಯಿತು, ಯಾರಿಗೆ ಎಷ್ಟು ಮಕ್ಕಳು, ಯಾವ ಮಗು ಉಳಿಯಲಿಲ್ಲ ಎಂಬುದೆಲ್ಲ ಅವರ ನೆನಪಿನಲ್ಲಿ ಇರುತ್ತದೆ. ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಿ. "ವಂಶಾವಳಿ ಹೇಳಿ" ಎಂದರೆ ಅವರಿಗೆ ತೋಚುವುದಿಲ್ಲ. "ನಿಮ್ಮ ಮದುವೆಗೆ ಯಾರು ಯಾರು ಬಂದಿದ್ದರು? ಧಾರೆ ಎರೆದವರು ಯಾರು?" ಎಂದು ಕೇಳಿ. ಹೆಸರುಗಳು ತಾವಾಗಿ ಬರುತ್ತವೆ.

ಒಂದು ವಿಷಯವನ್ನು ಮರೆಯದೆ ಕೇಳಬೇಕು. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವ ರೂಢಿ ಇತ್ತು. ತವರಿನ ಕಾಗದದಲ್ಲಿ ಒಂದು ಹೆಸರು, ಗಂಡನ ಮನೆಯ ಉತಾರದಲ್ಲಿ ಇನ್ನೊಂದು ಹೆಸರು. ಇದು ತಿಳಿಯದೆ ಒಬ್ಬರನ್ನೇ ಇಬ್ಬರೆಂದು ಬರೆದ ವಂಶಾವಳಿಗಳಿವೆ.

ಆಮೇಲೆ ಕಾಗದ ಮತ್ತು ವಸ್ತುಗಳು. ಹಳೆಯ ಕಿರ್ದಿ ಪುಸ್ತಕ ಬಿಸಾಡಬೇಡಿ. ವ್ಯಾಪಾರಸ್ಥರ ಮನೆಯ ಖಾತೆಯಲ್ಲಿ ಮಗಳ ಮದುವೆಯ ಖರ್ಚು, ಬಾಣಂತಿಯ ಖರ್ಚು, ಯಾತ್ರೆಯ ಖರ್ಚು ತಾರೀಖು ಸಮೇತ ಇರುತ್ತದೆ. ಹಿತ್ತಾಳೆ ತಾಮ್ರದ ಪಾತ್ರೆಯ ಅಂಚು ನೋಡಿ, ಹೆಸರು ಕೆತ್ತಿಸಿರುತ್ತಾರೆ. ಬಸದಿಯಲ್ಲಿ ನಿಮ್ಮ ಮನೆಯವರು ಮಾಡಿಸಿಕೊಟ್ಟ ಬಿಂಬ ಇದ್ದರೆ ಪೀಠದಲ್ಲಿ ದಾನಿಯ ಹೆಸರು, ವರ್ಷ ಇರಬಹುದು. ಪುರೋಹಿತರ ಅಪ್ಪಣೆ ಪಡೆದು ಅವರ ಸಮ್ಮುಖದಲ್ಲೇ ಫೋಟೋ ತೆಗೆಯಿರಿ. ಅಕ್ಷರ ಕಾಣಲಿ ಎಂದು ಪೀಠಕ್ಕೆ ಸುಣ್ಣ, ಪುಡಿ ಹಚ್ಚುವುದು ಬೇಡ. ಟಾರ್ಚ್ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟರೆ ಸಾಕು.

ವರ್ಷದ ಲೆಕ್ಕ

ಹಳೆಯ ಕಾಗದದಲ್ಲಿ ಇಂಗ್ಲಿಷ್ ವರ್ಷ ಇಲ್ಲದಿರಬಹುದು. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ ಬರುತ್ತದೆ. ವಿಕ್ರಮ ಸಂವತ್‌ನಲ್ಲಿ 57 ಅಥವಾ 56 ಕಳೆಯಬೇಕು. ವೀರ ನಿರ್ವಾಣ ಸಂವತ್ ದೀಪಾವಳಿಗೆ ಬದಲಾಗುವುದರಿಂದ 527 ಅಥವಾ 526 ಕಳೆಯಬೇಕು.

ಸಂವತ್ಸರದ ಹೆಸರು ಮಾತ್ರ ಇದ್ದರೆ ಎಚ್ಚರಿಕೆ ಬೇಕು, ಏಕೆಂದರೆ ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. "ಅಜ್ಜ ಧಾತು ಸಂವತ್ಸರದಲ್ಲಿ ಹುಟ್ಟಿದವರು" ಎಂದರೆ ಅದು ದೊಡ್ಡ ಬರಗಾಲದ 1876 ಇರಬಹುದು, 1936 ಕೂಡ ಇರಬಹುದು. ಅವರ ಹಿರಿಯ ಮಗನ ವಯಸ್ಸು ಗೊತ್ತಿದ್ದರೆ ಯಾವುದು ಸರಿ ಎಂದು ತೀರ್ಮಾನವಾಗುತ್ತದೆ.

ಪ್ರಶ್ನೆ ಕೇಳುವ ಕ್ರಮ

"ನಾವು ಜೈನರು, ನಮ್ಮ ಮೂಲ ಎಲ್ಲಿ ಎಂದು ತಿಳಿಸಿ." ಇಂಥ ಪ್ರಶ್ನೆ ವಾರಕ್ಕೆ ನಾಲ್ಕು ಬರುತ್ತವೆ. ಉತ್ತರ ಕೊಡಬೇಕೆಂದು ಮನಸ್ಸಿದ್ದವರಿಗೂ ಎಲ್ಲಿಂದ ಆರಂಭಿಸಬೇಕೆಂದು ತಿಳಿಯುವುದಿಲ್ಲ. ಪ್ರಶ್ನೆಯಲ್ಲಿ ಐದು ವಿಷಯ ಇರಲಿ: ಯಾರನ್ನು ಹುಡುಕುತ್ತಿದ್ದೀರಿ, ಯಾವ ಊರು ಮತ್ತು ತಾಲೂಕು, ಸುಮಾರು ಯಾವ ಕಾಲ, ನಿಮ್ಮ ಹತ್ತಿರ ಏನಿದೆ, ಈಗಾಗಲೇ ಏನು ನೋಡಿದ್ದೀರಿ. ಒಂದು ಮಾದರಿ ಹೀಗಿದೆ:

"ನನ್ನ ತಾಯಿಯ ಅಜ್ಜಿಯ ಬಗ್ಗೆ ಹುಡುಕುತ್ತಿದ್ದೇನೆ. ಸುಮಾರು 1890ರಿಂದ 1900ರ ನಡುವೆ ಹುಟ್ಟಿದವರು. ತವರು ಕಾರ್ಕಳ ತಾಲೂಕು, ಮನೆಯ ಹೆಸರು ಗೊತ್ತಿದೆ. ಮದುವೆಯಾಗಿ ಬೆಳ್ತಂಗಡಿ ಕಡೆಗೆ ಬಂದವರು. 1953ರ ಪಾಲುಪಟ್ಟಿಯ ನಕಲಿನಲ್ಲಿ ಅವರ ಹೆಸರಿದೆ, ತಾಯಿಯ ಹೆಸರಿಲ್ಲ. ಆ ಮನೆಯ ಹಳೆಯ ಗೇಣಿಚೀಟಿಯಾಗಲಿ, ಕೋರ್ಟಿನ ಕಾಗದವಾಗಲಿ ಯಾರಲ್ಲಾದರೂ ಇದೆಯೇ? ಪಾಲುಪಟ್ಟಿಯ ನಕಲನ್ನು ಆ ಕುಟುಂಬದವರು ಕೇಳಿದರೆ ಕಳಿಸುತ್ತೇನೆ."

ಇಂಥ ಪ್ರಶ್ನೆಗೆ ಉತ್ತರ ಬರುತ್ತದೆ. ಕೊನೆಯ ವಾಕ್ಯ ಬಹಳ ಮುಖ್ಯ. ನೀವು ಏನೋ ಕೊಡಲು ಸಿದ್ಧರಿದ್ದೀರಿ ಎಂದು ತಿಳಿದಾಗ ಇನ್ನೊಬ್ಬರ ಪೆಟ್ಟಿಗೆಯೂ ತೆರೆಯುತ್ತದೆ. ವ್ಯಾಪಾರದಲ್ಲಿ ಇರುವ ಕೊಡು ಕೊಳ್ಳುವ ನ್ಯಾಯ ಇಲ್ಲಿಯೂ ಇದೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಜೈನರ ಸಂಖ್ಯೆ 4,40,280. ನಮ್ಮದು ಚಿಕ್ಕ ಸಮಾಜ. ಊರು, ಮನೆಯ ಹೆಸರು ಸರಿಯಾಗಿ ಬರೆದರೆ ಆ ಮನೆಯನ್ನು ಬಲ್ಲ ಒಬ್ಬರಾದರೂ ಓದುವವರಲ್ಲಿ ಇರುವ ಸಂಭವ ಹೆಚ್ಚು.

ಕಾಗದದ ಫೋಟೋವನ್ನು ಹಗಲು ಬೆಳಕಿನಲ್ಲಿ, ಮೇಲಿನಿಂದ ನೇರವಾಗಿ, ಇಡೀ ಪುಟ ಬರುವಂತೆ ತೆಗೆಯಿರಿ. ಮುದ್ರೆ, ಛಾಪಾ ಕಾಗದದ ಬೆಲೆ, ಹಿಂಬದಿಯ ಬರಹ ಇವನ್ನೂ ಸೇರಿಸಿ. ಓದಿಕೊಟ್ಟವರು ಹಣ ಕೇಳದಿದ್ದರೂ ಅವರ ಸಮಯಕ್ಕೆ ಬೆಲೆ ಇದೆ. ಐವತ್ತು ಪುಟ ಒಟ್ಟಿಗೆ ಕಳಿಸಬೇಡಿ. ಮುಖ್ಯವಾದ ಎರಡು ಪುಟ ಮೊದಲು ಕಳಿಸಿ. ಫಲ ಸಿಕ್ಕ ಮೇಲೆ ಅದೇ ಗುಂಪಿನಲ್ಲಿ ಬರೆದು ಧನ್ಯವಾದ ಹೇಳಿ, ಇನ್ನೊಬ್ಬರಿಗೂ ಪ್ರಯೋಜನವಾಗುತ್ತದೆ.

ಅಳಿಯಸಂತಾನದ ಮನೆಗಳಿಗೆ ವಿಶೇಷ ಸೂಚನೆ

ತುಳುನಾಡಿನಲ್ಲಿ ಇಂದ್ರರು, ಅಂದರೆ ಪುರೋಹಿತ ವರ್ಗದವರು, ಮಕ್ಕಳಸಂತಾನದವರು. ಉಳಿದ ಜೈನರು ಸಂಪ್ರದಾಯದಿಂದ ಅಳಿಯಸಂತಾನದವರು. ಕುಟುಂಬ ಸಾಗುವುದು ತಾಯಿಯಿಂದ ಮಗಳಿಗೆ. ಯಜಮಾನಿಕೆ ಮಾವನಿಂದ, ತುಳುವಿನಲ್ಲಿ ಹೇಳುವ ತಮ್ಮಲೆಯಿಂದ, ಸೋದರಳಿಯನಿಗೆ ಬರುತ್ತಿತ್ತು. ಇದು ತಿಳಿಯದವರು ಯಜಮಾನರ ಪಟ್ಟಿ ನೋಡಿ ಒಬ್ಬರ ಕೆಳಗೆ ಒಬ್ಬರನ್ನು ತಂದೆ ಮಗ ಎಂದು ಬರೆದುಬಿಡುತ್ತಾರೆ. ಅಂತರ್ಜಾಲದ ಎಷ್ಟೋ ವಂಶವೃಕ್ಷಗಳಲ್ಲಿ ಇದೇ ತಪ್ಪು ಇದೆ.

ಅರಸು ಮನೆತನದ ಉದಾಹರಣೆ ನೋಡಿ. ಕಾರ್ಕಳದ ಚತುರ್ಮುಖ ಬಸದಿಯನ್ನು 1586ರಲ್ಲಿ ಕಟ್ಟಿಸಿದವರು ಇಮ್ಮಡಿ ಭೈರರಸ. ಅಲ್ಲಿನ ಶಾಸನ ಅವರನ್ನು ಗುಮ್ಮಟಾಂಬೆಯ ಮಗ ಎಂದು ತಾಯಿಯ ಹೆಸರಿನಿಂದ ಗುರುತಿಸುತ್ತದೆ. ಆ ತಾಯಿ ಹಿಂದಿನ ಭೈರರಸರ ಸಹೋದರಿ. ಶಾಸನ ಓದದೆ ಅರಸರ ಪಟ್ಟಿಯನ್ನಷ್ಟೇ ನೋಡಿದವರು ಅವರನ್ನು ಮಗ ಎಂದುಕೊಳ್ಳುತ್ತಾರೆ.

ಅಳಿಯಸಂತಾನದ ಮನೆಗಳಿಗೆ ಒಂದು ದೊಡ್ಡ ಅನುಕೂಲವೂ ಇದೆ. ಹಿಂದೆ ಕುಟುಂಬದ ಒಬ್ಬರು ತಮ್ಮಷ್ಟಕ್ಕೆ ಪಾಲು ಕೇಳುವಂತಿರಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಕವರುಗಳಿಗೆ ಪಾಲು ಕೇಳುವ ಹಕ್ಕು ಬಂತು. ಒಬ್ಬ ಹೆಂಗಸು, ಆಕೆಯ ಮಕ್ಕಳು, ಹೆಣ್ಣು ಸಂತಾನದ ಮೂಲಕ ಬಂದ ಎಲ್ಲರೂ ಸೇರಿ ಒಂದು ಕವರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ನಮಗೂ ಅನ್ವಯಿಸುವುದರಿಂದ ಆಮೇಲೆ ಪಾಲಿನ ಕ್ರಮ ಇನ್ನಷ್ಟು ಬದಲಾಯಿತು. ಹೀಗಾಗಿ 1949ರ ನಂತರ ಬಹಳ ಮನೆಗಳಲ್ಲಿ ಪಾಲುಪಟ್ಟಿಗಳು ನೋಂದಣಿಯಾದವು. ಅವುಗಳಲ್ಲಿ ಹೆಂಗಸರು, ಎಳೆಯ ಮಕ್ಕಳು ಸಹಿತ ಕವರುವಾರು ಹೆಸರು, ವಯಸ್ಸು ಬರೆದಿರುತ್ತದೆ. ಹೆಣ್ಣಿನ ಹೆಸರಿನಿಂದಲೇ ಆರಂಭವಾಗುವ ಇಂಥ ವಂಶಾವಳಿ ಬೇರೆ ಕಡೆ ಸಿಗುವುದು ಅಪರೂಪ. ನಿಮ್ಮ ಮನೆಯ ಪ್ರತಿ ಕಳೆದಿದ್ದರೆ ಉಪನೋಂದಣಿ ಕಚೇರಿಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಕೊಡಬಹುದು. ಸುಮಾರು ವರ್ಷ, ಗ್ರಾಮ, ಬರೆದುಕೊಟ್ಟವರ ಹೆಸರು ಇದ್ದರೆ ಹುಡುಕಲು ಸುಲಭ.

ಪಾಲಿನ ವ್ಯಾಜ್ಯ ಮೇಲಿನ ಕೋರ್ಟಿಗೆ ಹೋಗಿದ್ದರೆ ತೀರ್ಪಿನಲ್ಲೇ ವಂಶಾವಳಿ ಇರುವ ಸಂಭವ ಇದೆ. ಹಳೆಯ ಹೈಕೋರ್ಟ್ ತೀರ್ಪುಗಳು ಈಗ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ವಕೀಲಿ ವೃತ್ತಿಯ ನಮ್ಮ ಯುವಕರು ಇದರಲ್ಲಿ ನೆರವಾಗಬಹುದು. 1974ರ ಮಾರ್ಚ್ 1ರಂದು ಗೇಣಿ ಜಮೀನು ಸರಕಾರಕ್ಕೆ ಸೇರಿದ ಮೇಲೆ ನಡೆದ ಭೂನ್ಯಾಯ ಮಂಡಳಿಯ ಕಡತಗಳಲ್ಲೂ ಒಡೆಯರ ಮನೆಯ ಹೆಸರುಗಳಿವೆ. ಭೂಮಿ ಹೋದ ನೋವು ಬೇರೆ ಮಾತು, ಕಡತದಲ್ಲಿ ಹೆಸರು ಉಳಿದಿದೆ.

ಅಂತರ್ಜಾಲದಲ್ಲಿ ವೃಕ್ಷ ಬರೆಯುವಾಗ ಕುಟುಂಬದ ಹಿರಿಯ ಹೆಂಗಸನ್ನು ಮೇಲೆ ಇಟ್ಟು ಆರಂಭಿಸಿ. ಬರಿ ಅಥವಾ ಬಳಿ, ಮೂಲ ಮನೆಯ ಹೆಸರು, ಕವರು ಈ ಮೂರನ್ನು ಟಿಪ್ಪಣಿಯಲ್ಲಿ ಬರೆಯಿರಿ. ಯಜಮಾನರ ಸಾಲನ್ನು ಬೇರೆ ಪಟ್ಟಿಯಾಗಿ ಇಡಿ.

ಶಾಸನ ಮತ್ತು ತಾಳೆಗರಿ

ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಅವು 144 ಇದ್ದವು. 1923ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕೃತ ಆವೃತ್ತಿಯಲ್ಲಿ 500 ಆದವು. 1973ರ ಮೈಸೂರು ವಿಶ್ವವಿದ್ಯಾನಿಲಯದ ಆವೃತ್ತಿಯಲ್ಲಿ 573. ರಾಜರು, ಮುನಿಗಳು ಮಾತ್ರವಲ್ಲದೆ ವ್ಯಾಪಾರಿಗಳು, ಶ್ರಾವಿಕೆಯರು, ಉತ್ತರದಿಂದ ಬಂದು ನಾಗರಿ ಲಿಪಿಯಲ್ಲಿ ಹೆಸರು ಬರೆಸಿದ ಯಾತ್ರಿಕರು ಇವುಗಳಲ್ಲಿದ್ದಾರೆ. ಎಪಿಗ್ರಾಫಿಯ ಕರ್ನಾಟಿಕದ ಹಳೆಯ ಸಂಪುಟಗಳು ಅಂತರ್ಜಾಲದಲ್ಲಿ ಓದಲು ಸಿಗುತ್ತವೆ. ಮೂಡುಬಿದಿರೆ, ಕಾರ್ಕಳ ಮುಂತಾದ ಕಡೆಯ ತಾಳೆಗರಿಗಳಿಗೆ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ' 1948ರಲ್ಲಿ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಗಿದೆ. ವ್ರತದ ಉದ್ಯಾಪನೆಗೆ ಶಾಸ್ತ್ರದಾನ ಮಾಡುವವರು ಗ್ರಂಥ ಬರೆಸಿ ಬಸದಿಗೆ ಕೊಡುತ್ತಿದ್ದರು. ಬರೆಸಿದವರ, ಬರೆದವರ ಹೆಸರನ್ನು ಗ್ರಂಥದ ಕೊನೆಯಲ್ಲಿ ನೋಡಬೇಕು.

ಆದರೆ ಶಾಸನದಲ್ಲಿ ನಮ್ಮ ಮನೆತನದ ಹೆಸರು ಕಂಡ ಕೂಡಲೇ ಅದು ನಮ್ಮ ಅಜ್ಜನೇ ಎಂದು ತೀರ್ಮಾನಿಸಬಾರದು. ಪಾರ್ಶ್ವನಾಥ, ಚಂದಯ್ಯ, ಪದ್ಮಾವತಿ ಎಂಬ ಹೆಸರು ಪ್ರತಿ ಊರಿನಲ್ಲೂ ಇತ್ತು. ಇಂದಿನಿಂದ ಹಿಂದಕ್ಕೆ ಒಂದೊಂದು ತಲೆಮಾರು ಕಾಗದದಿಂದ ಸೇರಿಸಿಕೊಂಡು ಹೋಗಬೇಕು. ನಡುವೆ ಕೊಂಡಿ ತಪ್ಪಿದರೆ ಅಲ್ಲಿಗೆ ನಿಲ್ಲಿಸಿ, "ಇಲ್ಲಿಯವರೆಗೆ ಖಚಿತ" ಎಂದು ಬರೆಯಿರಿ. ಐದು ತಲೆಮಾರಿನ ನಿಜವಾದ ವಂಶಾವಳಿ ಮೂವತ್ತು ತಲೆಮಾರಿನ ಊಹೆಗಿಂತ ಮೇಲು. ಗಂಗರ, ರಟ್ಟರ ವಂಶದವರು ಎಂದು ಹೇಳಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ಸತ್ಯವ್ರತ ಇಲ್ಲಿಯೂ ಪಾಲಿಸಬೇಕಾದದ್ದೇ.

ಪ್ರತಿ ಹೆಸರಿನ ಮುಂದೆ ಅದು ಎಲ್ಲಿಂದ ಸಿಕ್ಕಿತು ಎಂದು ಬರೆದಿಡಿ: "ಅಜ್ಜಿ ಹೇಳಿದ್ದು", "ಶಾಲೆಯ ದಾಖಲೆ", "ಪಾಲುಪಟ್ಟಿ". ಬೇರೆಯವರ ವೃಕ್ಷದಿಂದ ತೆಗೆದದ್ದಾದರೆ ಅದನ್ನೂ ಬರೆಯಿರಿ. ಒಬ್ಬರ ಊಹೆಯನ್ನು ಹತ್ತು ಮಂದಿ ನಕಲು ಮಾಡಿದರೆ ಹತ್ತು ಸಾಕ್ಷಿ ಆಗುವುದಿಲ್ಲ.

ಗುಟ್ಟು ಕಾಪಾಡುವುದು

ಬದುಕಿರುವವರ ಹುಟ್ಟಿದ ದಿನ, ವಿಳಾಸ, ಫೋನ್ ಸಂಖ್ಯೆ, ಆಧಾರ್ ಸಂಖ್ಯೆ ಇವುಗಳನ್ನು ಯಾವ ಗುಂಪಿನಲ್ಲೂ ಹಾಕಬೇಡಿ. ಕಾಗದದ ಫೋಟೋದಲ್ಲಿ ಇದ್ದರೆ ಮುಚ್ಚಿ ಹಾಕಿ. ವೃಕ್ಷದಲ್ಲಿ ಬದುಕಿರುವವರನ್ನು ಕಾಣದಂತೆ ಇಡುವ ವ್ಯವಸ್ಥೆ ಹಲವು ಜಾಲತಾಣಗಳಲ್ಲಿದೆ. ದತ್ತಕ, ಮರುಮದುವೆ, ಮನೆ ಬಿಟ್ಟು ಹೋದವರ ಸಂಗತಿ ಸಿಕ್ಕಿದರೆ ಮೊದಲು ಆ ಮನೆಯ ಹಿರಿಯರಿಗೆ ತಿಳಿಸಿ. ಪ್ರಕಟಿಸುವುದು ಬಿಡುವುದು ಅವರ ಇಷ್ಟ.

ಕೆಲವು ಮನೆಯವರು ಕಾಗದ ತೋರಿಸಲು ಹಿಂಜರಿಯುತ್ತಾರೆ. ಆಸ್ತಿಯಲ್ಲಿ ಪಾಲು ಕೇಳಲು ಬಂದರೇನೋ ಎಂಬ ಭಯ. ಅವರನ್ನು ಒತ್ತಾಯಿಸಬೇಡಿ. ನಿಮ್ಮ ಉದ್ದೇಶ ಹೆಸರು ಮಾತ್ರ ಎಂದು ಮೊದಲೇ ಹೇಳಿ, ಸರ್ವೆ ನಂಬರು ಇರುವ ಭಾಗ ಮುಚ್ಚಿಯೇ ತೋರಿಸಿ ಎನ್ನಿ. ನಾವು ಬರೆಯುವ ವಂಶಾವಳಿ ಕಾನೂನಿನ ದಾಖಲೆಯಲ್ಲ. ಖಾತೆ ಬದಲಾವಣೆಗೆ ಬೇಕಾದ ವಂಶವೃಕ್ಷವನ್ನು ನಾಡಕಚೇರಿಯಿಂದಲೇ ಪಡೆಯಬೇಕು.

ಈ ತಿಂಗಳು ಮಾಡಬಹುದಾದ ಕೆಲಸ

ಒಂದು ಹಾಳೆಯಲ್ಲಿ ನಿಮ್ಮ ಹೆಸರು, ತಂದೆ ತಾಯಿಯ ಹೆಸರು, ನಾಲ್ವರು ಅಜ್ಜ ಅಜ್ಜಿಯರ ಹೆಸರು, ಅವರ ತಂದೆ ತಾಯಿಗಳಾದ ಎಂಟು ಮಂದಿಯ ಹೆಸರು ಬರೆಯಲು ಪ್ರಯತ್ನಿಸಿ. ಎಂಟರಲ್ಲಿ ನಾಲ್ವರು ಹೆಂಗಸರು. ಬಹುತೇಕರ ಹಾಳೆಯಲ್ಲಿ ಖಾಲಿ ಉಳಿಯುವುದು ಆ ನಾಲ್ಕು ಜಾಗಗಳೇ. ಆ ಖಾಲಿ ಜಾಗ ತುಂಬಬಲ್ಲವರು ನಿಮ್ಮ ಬಂಧುಗಳಲ್ಲಿ ಯಾರಿದ್ದಾರೆ ಎಂದು ಯೋಚಿಸಿ ಅವರಿಗೆ ಫೋನ್ ಮಾಡಿ. ಅವರಿಂದಲೂ ಆಗದಿದ್ದರೆ ಮೇಲೆ ಹೇಳಿದ ಐದು ವಿಷಯ ಸೇರಿಸಿ ಅಂತರ್ಜಾಲದಲ್ಲಿ ಕೇಳಿ. ಮೋಡಿ, ಉರ್ದು, ಹಳೆಯ ಕನ್ನಡ ಬರಹ ಓದಬಲ್ಲ ನಮ್ಮ ಸಮಾಜದ ಹಿರಿಯರು ದಯವಿಟ್ಟು ಈ ಗುಂಪುಗಳಿಗೆ ಬರಬೇಕು. ಅಂಥವರು ಈಗ ಬೆರಳೆಣಿಕೆಯಷ್ಟಿದ್ದಾರೆ, ಅವರು ಓದಿ ಹೇಳಬೇಕಾದ ಪೆಟ್ಟಿಗೆಗಳು ನೂರಾರು ಮನೆಗಳ ಅಟ್ಟದ ಮೇಲಿವೆ.